1766319049: ಒಂದು ಸಂಖ್ಯೆಗಾಗಿ ಮಾಡಿದ ಮರದ ಚಕ್ರ

ಒಂದು ವರ್ಗಸಂಖ್ಯೆಯನ್ನು 61ರಿಂದ ಗುಣಿಸಿ, 1 ಕೂಡಿಸಿ. ಬಂದದ್ದು ಇನ್ನೊಂದು ವರ್ಗಸಂಖ್ಯೆ ಆಗಬೇಕು. ಕೇಳಬೇಕಾದದ್ದು ಇಷ್ಟೇ.

61ರ ಬದಲು 60 ಇದ್ದರೆ ಬಾಯಲ್ಲೇ ಹೇಳಬಹುದು. 4ರ ವರ್ಗ 16. ಅದರ ಅರವತ್ತು ಪಟ್ಟು 960. ಒಂದು ಕೂಡಿಸಿದರೆ 961, ಅದು 31ರ ವರ್ಗ. 62ಕ್ಕೂ ಹಾಗೇ: 8ರ ವರ್ಗ 64, 62 ಪಟ್ಟು 3968, ಒಂದು ಕೂಡಿಸಿದರೆ 3969, ಅದು 63ರ ವರ್ಗ. ಇವೆರಡರ ನಡುವೆ ಕೂತಿರುವ 61ಕ್ಕೆ ಮಾತ್ರ ಅತಿ ಚಿಕ್ಕ ಉತ್ತರವೇ 226153980 ಮತ್ತು 1766319049. ಸೊನ್ನೆಯೊಂದನ್ನು ಬಿಟ್ಟರೆ ಅದಕ್ಕಿಂತ ಕೆಳಗೆ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಈ ಹತ್ತಂಕಿಯ ಸಂಖ್ಯೆಗಾಗಿಯೇ ವಿಜಯಪುರದಲ್ಲಿ ಒಂದು ಪ್ಲೈವುಡ್ ಚಕ್ರ ಮಾಡಿದ್ದೇನೆ. ಒಂದು ಮನೆ ತಿರುಗಿಸಿದರೆ ಲೆಕ್ಕ ಒಂದು ಹೆಜ್ಜೆ ಮುಂದೆ ಹೋಗುತ್ತದೆ, ಮೇಲಿನ ಕೆಂಪು ಅಂಕಿಗಳು ಬದಲಾಗುತ್ತವೆ. ಒಂದು ಸುತ್ತು ಪೂರ್ತಿಯಾದಾಗ 1766319049 ಬಂದು ನಿಲ್ಲುತ್ತದೆ. ಹೈಸ್ಕೂಲು ಮಕ್ಕಳು ಕೈಯಿಂದ ತಿರುಗಿಸಿ ನೋಡಲಿ ಅಂತ ಮಾಡಿದ್ದು. ಬೇರೆ ಯಾರಾದರೂ ಮಾಡುವುದಿದ್ದರೆ ಅನುಕೂಲವಾಗಲಿ ಎಂದು ಪೂರ್ತಿ ಬರೆದಿಡುತ್ತಿದ್ದೇನೆ.

61ರ ಈ ಲೆಕ್ಕವನ್ನು ಭಾಸ್ಕರಾಚಾರ್ಯರು 1150ರಲ್ಲಿ ತಮ್ಮ ಬೀಜಗಣಿತದಲ್ಲಿ ಉದಾಹರಣೆಯಾಗಿ ಕೊಟ್ಟು ಬಿಡಿಸಿದ್ದಾರೆ. ತಮ್ಮ ಊರು ವಿಜ್ಜಡವಿಡ ಎಂದು ಅವರೇ ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಯಪುರವೇ ಎನ್ನುವವರು ಇಲ್ಲಿ ಬೇಕಾದಷ್ಟು ಜನ. ಮಹಾರಾಷ್ಟ್ರದ ಚಾಳೀಸಗಾಂವ್ ಹತ್ತಿರದ ಪಾಟಣದ ಕಡೆಯವರು ಎನ್ನುವ ವಾದವೂ ಇದೆ, ಅವರ ಮೊಮ್ಮಗ ಚಾಂಗದೇವನ ಶಾಸನ ಸಿಕ್ಕಿದ್ದು ಅಲ್ಲಿ. ಊರಿನ ಜಗಳ ಏನೇ ಇರಲಿ, ಲೆಕ್ಕ ನಮ್ಮ ಮಕ್ಕಳ ಕೈಗೆ ಸಿಗಬೇಕು. 1657ರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಇದೇ 61ನ್ನು ತನ್ನ ಗೆಳೆಯ ಫ್ರೆನಿಕ್ಲ್‌ಗೆ ಸವಾಲಾಗಿ ಕಳಿಸಿದ. ಐನೂರು ವರ್ಷ ಮೊದಲೇ ಉತ್ತರ ಇಲ್ಲಿತ್ತು ಅಂತ ಅವರಿಗೆ ಗೊತ್ತಿರಲಿಲ್ಲ.

ಮೊದಲು ಲೆಕ್ಕ, ಆಮೇಲೆ ಮರ.

ಭಾಸ್ಕರರು ಬಳಸಿದ್ದು ಚಕ್ರವಾಲ ಪದ್ಧತಿ. ಕೈಯಲ್ಲಿ ಯಾವಾಗಲೂ ಮೂರು ಸಂಖ್ಯೆ ಇರುತ್ತವೆ: ಜ್ಯೇಷ್ಠ, ಕನಿಷ್ಠ, ಕ್ಷೇಪ. ಜ್ಯೇಷ್ಠದ ವರ್ಗದಿಂದ ಕನಿಷ್ಠದ ವರ್ಗದ 61 ಪಟ್ಟು ಕಳೆದರೆ ಕ್ಷೇಪ ಉಳಿಯಬೇಕು. ಕ್ಷೇಪ 1 ಆದ ದಿನ ಲೆಕ್ಕ ಮುಗಿಯಿತು. ಶುರುವಿಗೆ 8, 1, 3 ಸಾಕು, ಯಾಕೆಂದರೆ 64ರಿಂದ 61 ಕಳೆದರೆ 3.

ಈಗ ಒಂದು ಗುಣಕ ಹುಡುಕಬೇಕು. ಅದಕ್ಕೆ ಎರಡು ಷರತ್ತು. ಕನಿಷ್ಠವನ್ನು ಗುಣಕದಿಂದ ಗುಣಿಸಿ ಜ್ಯೇಷ್ಠಕ್ಕೆ ಕೂಡಿಸಿದರೆ ಕ್ಷೇಪದಿಂದ ಸರಿಯಾಗಿ ಭಾಗವಾಗಬೇಕು. ಮತ್ತು ಗುಣಕದ ವರ್ಗ 61ಕ್ಕೆ ಆದಷ್ಟು ಹತ್ತಿರ ಇರಬೇಕು. ಇಲ್ಲಿ 7 ನಡೆಯುತ್ತದೆ: 8 + 7 = 15, ಮೂರರಿಂದ ಭಾಗವಾಗುತ್ತದೆ. 49 ಮತ್ತು 61ರ ಅಂತರ 12. ಅದರ ಮುಂದಿನದು 10, ಅದರ ವರ್ಗ 100 ತುಂಬಾ ದೂರ. ಹಾಗಾಗಿ 7. ಹೊಸ ಜ್ಯೇಷ್ಠ (8 × 7 + 61 × 1) ÷ 3 = 39. ಹೊಸ ಕನಿಷ್ಠ 15 ÷ 3 = 5. ಹೊಸ ಕ್ಷೇಪ (49 − 61) ÷ 3 = −4. ತಾಳೆ ನೋಡಿ: 39ರ ವರ್ಗ 1521, 61 × 25 = 1525. ಸರಿಯಾಗಿ −4. ಜ್ಯೇಷ್ಠ, ಕನಿಷ್ಠಗಳನ್ನು ಭಾಗಿಸುವಾಗ ಕ್ಷೇಪದ ಚಿಹ್ನೆ ಬಿಟ್ಟುಬಿಡಿ. ಕ್ಷೇಪಕ್ಕೆ ಮಾತ್ರ ಚಿಹ್ನೆ ಸಮೇತ ಭಾಗಿಸಿ.

ಇದೇ ಹೆಜ್ಜೆಯನ್ನು ಮತ್ತೆ ಮತ್ತೆ ಹಾಕಿದರೆ ಹೀಗೆ ಬರುತ್ತದೆ. ಯಂತ್ರ ಮಾಡುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಿ, ತಾಳೆ ನೋಡಲು ಬೇಕೇ ಬೇಕು.

8, 1, ಕ್ಷೇಪ 3
39, 5, ಕ್ಷೇಪ −4
164, 21, ಕ್ಷೇಪ −5
453, 58, ಕ್ಷೇಪ 5
1523, 195, ಕ್ಷೇಪ 4
5639, 722, ಕ್ಷೇಪ −3
29718, 3805, ಕ್ಷೇಪ −1
469849, 60158, ಕ್ಷೇಪ −3
2319527, 296985, ಕ್ಷೇಪ 4
9747957, 1248098, ಕ್ಷೇಪ 5
26924344, 3447309, ಕ್ಷೇಪ −5
90520989, 11590025, ಕ್ಷೇಪ −4
335159612, 42912791, ಕ್ಷೇಪ 3
1766319049, 226153980, ಕ್ಷೇಪ 1

ಕೊನೆಯ ಕಾಲಮ್ಮನ್ನು ಸ್ವಲ್ಪ ಹೊತ್ತು ನೋಡಿ. ನನಗೆ ಚಕ್ರ ಮಾಡಲೇಬೇಕು ಅನ್ನಿಸಿದ್ದು ಅದನ್ನು ನೋಡಿಯೇ. 1, 0, ಕ್ಷೇಪ 1 ಎಂಬ ಪುಕ್ಕಟೆ ಉತ್ತರದಿಂದ ಹೊರಟರೆ (1 − 0 = 1 ತಾನೇ) ಒಟ್ಟು ಹದಿನಾಲ್ಕು ಹೆಜ್ಜೆಗೆ ಕ್ಷೇಪ ಮತ್ತೆ 1ಕ್ಕೆ ಬರುತ್ತದೆ. ಈ ಹದಿನಾಲ್ಕು ಕ್ಷೇಪಗಳನ್ನು ಒಂದು ವೃತ್ತದ ಸುತ್ತ ಬರೆದರೆ, 1ರ ಎದುರಿಗೆ −1 ಕೂರುತ್ತದೆ. 3ರ ಎದುರಿಗೆ −3, −4ರ ಎದುರಿಗೆ 4, −5ರ ಎದುರಿಗೆ 5. ಎಲ್ಲ ಜೋಡಿಗಳೂ ಹಾಗೇ. ಇನ್ನು 1ರಿಂದ −1ಕ್ಕೆ ನೇರ ಗೆರೆ ಎಳೆದರೆ ಎಡಬಲ ಎರಡೂ ಕಡೆ ಒಂದೇ ಸಂಖ್ಯೆಗಳು, ಕನ್ನಡಿ ಹಿಡಿದ ಹಾಗೆ. ಗುಣಕಗಳೂ ಅಷ್ಟೇ: 8, 7, 9, 6, 9, 7, 8, ಮತ್ತೆ ಅದೇ 8, 7, 9, 6, 9, 7, 8. ಹಾಳೆಯ ಮೇಲೆ ಮೇಲಿಂದ ಕೆಳಕ್ಕೆ ಬರೆದರೆ ಇದು ಕಣ್ಣಿಗೆ ಬೀಳುವುದಿಲ್ಲ. ಸುತ್ತ ಬರೆದರೆ ಏಳನೇ ತರಗತಿಯ ಹುಡುಗಿಗೂ ಕಾಣುತ್ತದೆ.

ಇನ್ನು ಮರದ ಕೆಲಸ. 18 ಮಿ.ಮೀ. ಪ್ಲೈವುಡ್‌ನಲ್ಲಿ ದುಂಡಗೆ ಕತ್ತರಿಸಬೇಕು, ಅಂಚನ್ನು ಸಮ ಹದಿನಾಲ್ಕು ಭಾಗ ಮಾಡಬೇಕು. ನಮ್ಮ ಬಡಿಗೇರ ಕಾಕಾ ತಕ್ಷಣ ತಕರಾರು ತೆಗೆದರು.

"ಸರ, ಹದ್ನಾಕು ಯಾಕ್ರಿ? ಹದ್ನಾರು ಮಾಡ್ರಿ. ಅರ್ಧಕ್ಕರ್ಧ ಮಾಡ್ಕೋತ ಹೋದ್ರ ತಾನ ಬರತೈತಿ."

"ನಾ ಆರಿಸಿದ್ದಲ್ರಿ ಕಾಕಾ. ಲೆಕ್ಕಾನ ಹದ್ನಾಕು ಕೇಳತೈತಿ."

ಅವರ ಮಾತಿನಲ್ಲಿ ದೊಡ್ಡ ಗಣಿತವೇ ಇದೆ. ಕೈವಾರ ಮತ್ತು ಗುರುತಿಲ್ಲದ ಪಟ್ಟಿ ಇಷ್ಟರಿಂದಲೇ ವೃತ್ತವನ್ನು ಹದಿನಾರು ಭಾಗ ಮಾಡಬಹುದು. ಏಳು ಭಾಗ ಮಾಡಲು ಆಗುವುದೇ ಇಲ್ಲ, ಹಾಗಾಗಿ ಹದಿನಾಲ್ಕೂ ಆಗುವುದಿಲ್ಲ. ಇದನ್ನು 1837ರಲ್ಲಿ ವಾಂಟ್ಸೆಲ್ ಎಂಬ ಫ್ರೆಂಚ್ ಗಣಿತಜ್ಞ ಸಾಧಿಸಿ ತೋರಿಸಿದರು. ಆದರೆ ಬಡಗಿಗೆ ಟೇಪು ಇದೆ. ಚಕ್ರದ ಅಡ್ಡಳತೆ 49 ಸೆಂ.ಮೀ. ಇಟ್ಟುಕೊಂಡೆವು. ಶಾಲೆಯ 22/7 ಹಿಡಿದರೆ ಸುತ್ತಳತೆ 154 ಸೆಂ.ಮೀ. ಹದಿನಾಲ್ಕರಿಂದ ಭಾಗಿಸಿದರೆ ಸರಿಯಾಗಿ 11 ಸೆಂ.ಮೀ. ನಿಜವಾದ ಸುತ್ತಳತೆ ಇದಕ್ಕಿಂತ ಸುಮಾರು 0.6 ಮಿ.ಮೀ. ಕಡಿಮೆ, ಪೆನ್ಸಿಲ್ ಗೆರೆಯ ದಪ್ಪದಲ್ಲಿ ಮುಚ್ಚಿಹೋಗುತ್ತದೆ. ಕಾಗದದ ಉದ್ದ ಪಟ್ಟಿಗೆ ಹನ್ನೊಂದು ಹನ್ನೊಂದಕ್ಕೆ ಗುರುತು ಹಾಕಿ ಅಂಚಿಗೆ ಸುತ್ತಿದೆವು. ಕೊನೆಯ ಗುರುತು ಮೊದಲಿನದರ ಮೇಲೆ ಬಂದು ಕೂತಿತು. ಕಾಕಾಗೂ ಖುಷಿ, ನನಗೂ ಖುಷಿ.

ಚಕ್ರ ಒಂದೇ ದಿಕ್ಕಿಗೆ ತಿರುಗಬೇಕು. ಹಿಂದಕ್ಕೆ ತಿರುಗಿಸಿದರೆ ಲೆಕ್ಕ ತಪ್ಪುತ್ತದೆ. ಇದಕ್ಕೆ ಸೈಕಲ್ಲಿನ ಫ್ರೀವೀಲ್‌ಗಿಂತ ಒಳ್ಳೆಯದು ಇಲ್ಲ, ಮೋಡಕಾ (ಗುಜರಿ) ಅಂಗಡಿಯಲ್ಲಿ ಹಿಂಗಾಲಿಯ ಹಬ್ ಸಮೇತ ಸಿಗುತ್ತದೆ. ಹಬ್ಬನ್ನು ಅಲುಗಾಡದಂತೆ ಹಿಂದಿನ ಹಲಗೆಗೆ ಬಿಗಿಯಬೇಕು. ಅಚ್ಚಿನ ನಟ್ ಬಿಗಿದರಷ್ಟೇ ಸಾಲದು, ಹಬ್ಬಿನ ಮೈಯೇ ತಿರುಗಿಬಿಡುತ್ತದೆ. ಹಾಗಾಗಿ ಸ್ಪೋಕ್ ಹಾಕುವ ತೂತುಗಳಲ್ಲೇ ಸಣ್ಣ ಬೋಲ್ಟ್ ತೂರಿಸಿ ಹಲಗೆಗೆ ಹಿಡಿಸಿದೆವು. ಈಗ ಹೊರಗಿನ ಹಲ್ಲಿನ ಬಳೆ ಮಾತ್ರ ತಿರುಗುತ್ತದೆ, ಅದೂ ಒಂದೇ ಕಡೆಗೆ.

ಆ ಬಳೆಗೆ ಪ್ಲೈವುಡ್ ಕೂರಿಸುವುದು ನಾಜೂಕಿನ ಕೆಲಸ. ಬೆಸುಗೆ ಹಾಕಿಸಬೇಡಿ, ಒಳಗಿನ ಗ್ರೀಸು ಸುಟ್ಟು ಕಡ್ಡಿ ಸ್ಪ್ರಿಂಗ್ ಹಾಳಾಗುತ್ತದೆ. ಕಾಕಾ ಬಳೆಯನ್ನು ಮರದ ಮೇಲಿಟ್ಟು ಒಂದೊಂದು ಹಲ್ಲಿನ ಸುತ್ತ ಸೀಸದಕಡ್ಡಿ ಆಡಿಸಿದರು. ಆಮೇಲೆ ಸಣ್ಣ ಉಳಿಯಿಂದ ಅದೇ ಆಕಾರಕ್ಕೆ ಗುಂಡಿ ಕೆತ್ತಿದರು. ಎರಡು ಹಲ್ಲಿನ ನಡುವೆ ಉಳಿದ ಮರದ ಮೊನೆಗಳು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು, ಅಷ್ಟೇ. ಬಳೆ ಅದರೊಳಗೆ ಟಕ್ಕೆಂದು ಕೂತಿತು. ಸುತ್ತ ಎಂ-ಸೀಲ್ ತುಂಬಿ, ಮೇಲೆ ತೆಳು ಪ್ಲೈ ಮುಚ್ಚಿ ಸ್ಕ್ರೂ ಹಾಕಿದೆವು. ಎಂ-ಸೀಲ್ ಫ್ರೀವೀಲಿನ ಸಂದಿಯೊಳಗೆ ಹೋಗದಂತೆ ಮೊದಲೇ ಸೆಲೋಟೇಪ್ ಸುತ್ತಿರಿ.

ಫ್ರೀವೀಲಿನ ಹೊರಮುಖ ನೋಡುವವರ ಕಡೆಗಿದ್ದರೆ ಚಕ್ರ ತಿರುಗುವುದು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ. ಅಂದರೆ ಮೇಲಿನ ಬಾಣದ ಗುರುತಿನ ಹತ್ತಿರಕ್ಕೆ ಮುಂದಿನ ಮನೆ ಬಲಗಡೆಯಿಂದ ಬರುತ್ತದೆ. ಹಾಗಾಗಿ ಕ್ಷೇಪಗಳನ್ನು ಬರೆಯುವಾಗ ಗಡಿಯಾರದ ಸುತ್ತಿನಂತೆ ಬರೆಯಬೇಕು. ಇದನ್ನು ಬಣ್ಣ ಹಚ್ಚುವ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಬೋರ್ಡ್ ಬರೆಯುವ ಪೇಂಟರಿಂದ ಅಂಕಿ ಬರೆಸಿದೆ, ಕನ್ನಡದ ಅಂಕಿಗಳಲ್ಲೇ. ಋಣಸಂಖ್ಯೆಗೆ ಮುಂದೆ ಗೆರೆ ಹಾಕಿಸಲಿಲ್ಲ. ಭಾಸ್ಕರರ ಕಾಲದಲ್ಲಿ ಋಣವನ್ನು ತೋರಿಸಲು ಅಂಕಿಯ ತಲೆಯ ಮೇಲೆ ಒಂದು ಚುಕ್ಕಿ ಇಡುತ್ತಿದ್ದರು. ಚಕ್ರದ ಮೇಲೂ ಹಾಗೇ ಮಾಡಿದ್ದೇವೆ. ಎದುರುಬದುರಿನ ಎರಡು ೩ರಲ್ಲಿ ಒಂದಕ್ಕೆ ಮಾತ್ರ ಕೆಂಪು ಚುಕ್ಕಿ. ನೋಡಲು ಬಹಳ ಚೆಂದ. ಎರಡು ಮನೆಗಳ ನಡುವೆ ಸಣ್ಣ ಅಕ್ಷರದಲ್ಲಿ ಆ ಹೆಜ್ಜೆಯ ಗುಣಕ.

ಮನೆಗೆ ಬಂದು ಚಕ್ರ ತಾನೇ ನಿಲ್ಲಲು ಕಪಾಟಿನ ಬಾಗಿಲಿಗೆ ಹಾಕುವ ಬಾಲ್ ಕ್ಯಾಚರ್ ಸಾಕು. ಚಕ್ರದ ಹಿಂಬದಿಯಲ್ಲಿ ಹದಿನಾಲ್ಕು ಕಡೆ ಡ್ರಿಲ್ಲಿನ ತುದಿಯಿಂದ ಸಣ್ಣ ಕುಳಿ. ಅದರಲ್ಲಿ ಗುಂಡು ಕೂತು ತಡೆಯುತ್ತದೆ.

ವಿದ್ಯುತ್ ಭಾಗ ಇದಕ್ಕಿಂತ ಸುಲಭ. ಆರ್ಡುಯಿನೋ ಊನೋ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಕಂಪ್ಯೂಟರ್ ಬೋರ್ಡು) ಒಂದು, ಮ್ಯಾಕ್ಸ್ 7219 ಚಿಪ್ ಇರುವ ಎಂಟಂಕಿಯ ಡಿಸ್‌ಪ್ಲೇ ಮೂರು, ಅಯಸ್ಕಾಂತ ಹತ್ತಿರ ಬಂದರೆ ಗುರುತಿಸುವ ಎ3144 ಹಾಲ್ ಸೆನ್ಸರ್ ಎರಡು, ಒಂದು ಬಜರ್. ಚಕ್ರದ ಅಂಚಿನಲ್ಲಿ ಪ್ರತಿ ಮನೆಗೆ ಒಂದರಂತೆ 8 ಮಿ.ಮೀ. ಅಗಲದ ಅಯಸ್ಕಾಂತದ ಬಿಲ್ಲೆ ಹೂತಿದ್ದೇವೆ. ಎ3144 ಅಯಸ್ಕಾಂತದ ಒಂದೇ ಧ್ರುವಕ್ಕೆ ಸ್ಪಂದಿಸುತ್ತದೆ. ಆದ್ದರಿಂದ ಅಂಟಿಸುವ ಮೊದಲು ಪ್ರತಿ ಬಿಲ್ಲೆಯನ್ನೂ ಸೆನ್ಸರ್ ಮುಂದೆ ಹಿಡಿದು, ಕೆಲಸ ಮಾಡುವ ಮುಖಕ್ಕೆ ಮಾರ್ಕರ್ ಚುಕ್ಕಿ ಇಡಿ. ಸೆನ್ಸರಿಗೂ ಅಂಚಿಗೂ 4–5 ಮಿ.ಮೀ. ಅಂತರ ಬೇಕು. ಸೈಕಲ್ ಫ್ರೀವೀಲ್ ಸ್ವಲ್ಪ ಓಲಾಡುತ್ತದೆ, ಅದಕ್ಕಿಂತ ಹತ್ತಿರ ಇಟ್ಟರೆ ತಾಗುತ್ತದೆ.

ಎರಡನೇ ಸೆನ್ಸರ್ ಕರೆಂಟಿನ ಸಲುವಾಗಿ. ಚಕ್ರ ಅರ್ಧದಲ್ಲಿದ್ದಾಗ ಕರೆಂಟ್ ಹೋಗಿ ಬಂದರೆ ಆರ್ಡುಯಿನೋಗೆ ಎಲ್ಲಿದ್ದೆವು ಅಂತ ಗೊತ್ತಾಗುವುದಿಲ್ಲ. 1 ಬರೆದ ಮನೆಯ ಹಿಂಬದಿಯಲ್ಲಿ ಒಂದೇ ಒಂದು ಬಿಲ್ಲೆ ಇಟ್ಟು ಅದಕ್ಕೆ ಈ ಸೆನ್ಸರ್ ಹಚ್ಚಿದೆ. ಆನ್ ಮಾಡಿದ ಕೂಡಲೇ ಬರೀ ಗೆರೆಗಳು ಕಾಣುತ್ತವೆ. ಚಕ್ರ 1ರ ಮನೆಗೆ ಬಂದ ಮೇಲೆಯೇ ಲೆಕ್ಕ ಶುರು.

ಮೂರು ಡಿಸ್‌ಪ್ಲೇ ಅಂದರೆ 24 ಅಂಕಿ ಜಾಗ. ಜ್ಯೇಷ್ಠಕ್ಕೆ 10, ಒಂದು ಖಾಲಿ, ಕನಿಷ್ಠಕ್ಕೆ 9, ಎರಡು ಖಾಲಿ, ಕ್ಷೇಪ ಮತ್ತು ಅದರ ಚಿಹ್ನೆಗೆ 2. ಅಳತೆ ತೆಗೆದು ಹೊಲಿಸಿದಂತೆ ಕೂತಿತು. ಇವು ಪೂರ್ತಿ ಬೆಳಕಿನಲ್ಲಿ ಕರೆಂಟ್ ಜಾಸ್ತಿ ಎಳೆಯುತ್ತವೆ. ಕಂಪ್ಯೂಟರಿನ ಯುಎಸ್‌ಬಿ ನಂಬಬೇಡಿ, 5 ವೋಲ್ಟ್ 2 ಆಂಪಿಯರಿನ ಮೊಬೈಲ್ ಚಾರ್ಜರಿನಿಂದ ನೇರ ಕೊಡಿ.

ಪ್ರೋಗ್ರಾಮಿನಲ್ಲಿ ಗುಣಕ ಹುಡುಕಲು ಜಾಣತನ ಬೇಡ. 1ರಿಂದ 15ರವರೆಗೆ ಒಂದೊಂದೇ ಹಾಕಿ ನೋಡಿ, ಭಾಗವಾಗುವವುಗಳಲ್ಲಿ ಯಾವುದರ ವರ್ಗ 61ಕ್ಕೆ ಹತ್ತಿರವೋ ಅದನ್ನು ಹಿಡಿದರಾಯಿತು. ಎಚ್ಚರ ಇರಬೇಕಾದ್ದು ಸಂಖ್ಯೆಯ ಗಾತ್ರದಲ್ಲಿ. ಋಣ ಇಲ್ಲದ 32 ಬಿಟ್ ಸಂಖ್ಯೆಯ ಮಿತಿ 4294967295. ನಮ್ಮ ಉತ್ತರ 1766319049 ಅದರೊಳಗೆ ಆರಾಮಾಗಿ ಹಿಡಿಸುತ್ತದೆ. ಆದರೆ ಕೊನೆಯ ಹೆಜ್ಜೆಯಲ್ಲಿ ಮೂರರಿಂದ ಭಾಗಿಸುವ ಮುಂಚೆ 335159612 × 8 + 61 × 42912791 ಮಾಡಬೇಕು. ಅದು 5298957147, ಮಿತಿ ದಾಟಿತು. ಹದಿಮೂರು ಹೆಜ್ಜೆ ಸರಿಯಾಗಿ ಬಂದು, ಎಲ್ಲರೂ ಕಾಯುತ್ತಿರುವ ಹದಿನಾಲ್ಕನೆಯದರಲ್ಲಿ 334663283 ಎಂದು ಬಂದರೆ ಇದೇ ಕಾರಣ. ಜ್ಯೇಷ್ಠ, ಕನಿಷ್ಠ ಎರಡಕ್ಕೂ 64 ಬಿಟ್ಟಿನ ಲಾಂಗ್ ಲಾಂಗ್ ಬಳಸಿ. ದಶಮಾಂಶದ ಫ್ಲೋಟ್ ಕಡೆಗಂತೂ ತಿರುಗಿಯೂ ನೋಡಬೇಡಿ. ಊನೋದಲ್ಲಿ ಅದಕ್ಕೆ ಆರೇಳು ಅಂಕಿಯಷ್ಟೇ ನಂಬಿಕೆ.

ಮೊದಲು ತಿರುಗಿಸಿದಾಗ ಒಂದು ಮನೆಗೆ ಎರಡೆರಡು ಹೆಜ್ಜೆ ಎಣಿಕೆಯಾಗುತ್ತಿತ್ತು. ಬಾಲ್ ಕ್ಯಾಚರ್ ಕುಳಿಗೆ ಬಿದ್ದಾಗ ಚಕ್ರ ಕೂದಲೆಳೆಯಷ್ಟು ಅದುರಿ, ಬಿಲ್ಲೆಯ ಅಂಚು ಸೆನ್ಸರ್ ಮುಂದೆ ಹೋಗಿ ಬರುತ್ತಿತ್ತು. ಒಮ್ಮೆ ಎಣಿಸಿದ ಮೇಲೆ ಕಾಲು ಸೆಕೆಂಡು ಸೆನ್ಸರನ್ನು ಕೇಳಬೇಡ ಎಂದು ಪ್ರೋಗ್ರಾಮಿಗೆ ಹೇಳಿದ ಮೇಲೆ ನಿಂತಿತು. ಒಂದು ಡಿಸ್‌ಪ್ಲೇಯಲ್ಲಿ ಸೋಲ್ಡರ್ ಸರಿಯಾಗಿ ಕರಗಿರಲಿಲ್ಲ, ಒಂದು ಕಾಲಿಗೆ ಮತ್ತೆ ಕಾಯಿಸಿ ಹಚ್ಚಬೇಕಾಯಿತು.

ಇನ್ನು ಫಲಿತಾಂಶದ ಪರೀಕ್ಷೆ. ಮೊಬೈಲ್ ಕ್ಯಾಲ್ಕ್ಯುಲೇಟರಿನಲ್ಲಿ 1766319049ರ ವರ್ಗ ಹಾಕಿದರೆ ಬಹಳಷ್ಟು ಫೋನುಗಳು ಕೊನೆಯ ಅಂಕಿಗಳನ್ನು ನುಂಗಿಬಿಡುತ್ತವೆ. ನಮಗೆ ಬೇಕಾದ ಆ ಒಂದು ಇರುವುದೇ ಅಲ್ಲಿ. ಪೂರ್ತಿ ಬರೆದರೆ ಹೀಗೆ: ವರ್ಗ 3119882982860264401. ಕನಿಷ್ಠದ ವರ್ಗ 51145622669840400, ಅದರ 61 ಪಟ್ಟು 3119882982860264400. ಹತ್ತೊಂಬತ್ತು ಅಂಕಿಗಳಲ್ಲಿ ವ್ಯತ್ಯಾಸ ಕೊನೆಯದರಲ್ಲಿ ಮಾತ್ರ. ಇದು 64 ಬಿಟ್ಟಿನೊಳಗೆ ಹಿಡಿಸುವುದರಿಂದ ಪ್ರತಿ ಹೆಜ್ಜೆಯನ್ನೂ ಆರ್ಡುಯಿನೋ ತಾನೇ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಬಜರ್ ಕೂಗುತ್ತದೆ.

ಯಂತ್ರದ ಮುಂದೆ ನಿಂತು ಸಂಖ್ಯೆಯನ್ನೇ ಸ್ವಲ್ಪ ಬಿಚ್ಚಿ ನೋಡಿ. ಅದರಿಂದ ಒಂದು ಕಳೆದು ಅರ್ಧ ಮಾಡಿ: 883159524. ಇದು 29718ರ ವರ್ಗ! ಒಂದು ಕೂಡಿಸಿ ಅರ್ಧ ಮಾಡಿ: 883159525. ಇದು 3805ರ ವರ್ಗದ 61 ಪಟ್ಟು. 29718 ಮತ್ತು 3805 ಎಲ್ಲಿ ನೋಡಿದ್ದೆವು? ಚಕ್ರದ ಅರ್ಧ ಸುತ್ತಿನಲ್ಲಿ, ಕ್ಷೇಪ −1 ಇದ್ದ ಮನೆಯಲ್ಲಿ. ಕನಿಷ್ಠವೂ ಅಲ್ಲಿಂದಲೇ: 2 × 29718 × 3805 = 226153980. −1 ಇರುವ ಉತ್ತರವನ್ನು ಅದರೊಂದಿಗೇ ಹೀಗೆ ಬೆಸೆದರೆ 1 ಇರುವ ಉತ್ತರ ಸಿಗುತ್ತದೆ. ಹೀಗೆ ಎರಡು ಉತ್ತರ ಸೇರಿಸಿ ಮೂರನೆಯದು ಪಡೆಯುವ ಭಾವನಾ ಎಂಬ ಉಪಾಯವನ್ನು ಬ್ರಹ್ಮಗುಪ್ತರು 628ರಲ್ಲೇ ಕೊಟ್ಟಿದ್ದರು. ಭಾಸ್ಕರರು ಸಹ 61ಕ್ಕೆ ಪೂರ್ತಿ ಸುತ್ತು ಹೋಗಲಿಲ್ಲ. 39, 5, −4 ಸಿಕ್ಕ ಕೂಡಲೇ ಭಾವನಾ ಬಳಸಿ ನೇರ ತುದಿಗೆ ಹಾರಿದರು. ನಾನು ಯಂತ್ರಕ್ಕೆ ಒಂದು ಗುಂಡಿ ಕೂಡಿಸಿದ್ದು ಇದಕ್ಕೇ. ಅರ್ಧ ಸುತ್ತಿನಲ್ಲಿ ಅದನ್ನು ಒತ್ತಿದರೆ ಉಳಿದ ಏಳು ಮನೆ ಬಿಟ್ಟು ಉತ್ತರವೇ ಬರುತ್ತದೆ.

1766319049 ಅವಿಭಾಜ್ಯ ಅಲ್ಲ. ಬಲಗಡೆಯಿಂದ ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿ ಕಳೆಯಿರಿ: 9 − 4 + 0 − 9 + 1 − 3 + 6 − 6 + 7 − 1. ಬರುವುದು 0, ಹಾಗಾಗಿ 11ರಿಂದ ಭಾಗವಾಗುತ್ತದೆ. ಪೂರ್ತಿ ಬಿಡಿಸಿದರೆ 11 × 59 × 1523 × 1787. ಇದರಲ್ಲಿರುವ 1523 ಕೂಡ ನಮ್ಮ ಪಟ್ಟಿಯಲ್ಲೇ ಇದೆ, ಕ್ಷೇಪ 4 ಇರುವ ಐದನೇ ಸಾಲಿನಲ್ಲಿ. ಅದು ಕಾಕತಾಳೀಯ ಅಲ್ಲ. 1523ರ ಘನದಿಂದ 1523ರ ಮೂರು ಪಟ್ಟು ಕಳೆದು ಅರ್ಧ ಮಾಡಿದರೆ ಸರಿಯಾಗಿ 1766319049 ಬರುತ್ತದೆ. ಇನ್ನು ಜ್ಯೇಷ್ಠವನ್ನು ಕನಿಷ್ಠದಿಂದ ಭಾಗಿಸಿದರೆ 61ರ ವರ್ಗಮೂಲ, 7.81024967590665439. ದಶಮಾಂಶದ ಮುಂದಿನ ಹದಿನೇಳು ಅಂಕಿಗಳೂ ಸರಿ.

ಮಕ್ಕಳು ಖಂಡಿತ ಕೇಳುವ ಪ್ರಶ್ನೆ ಒಂದಿದೆ: ಚಕ್ರ ಯಾವಾಗಲೂ 1ಕ್ಕೆ ಮರಳಿ ಬಂದೇ ಬರುತ್ತದೆಯೇ? 61 ಬಿಟ್ಟು ಬೇರೆ ಸಂಖ್ಯೆಗೂ? ಬರುತ್ತದೆ, ಸಂಖ್ಯೆ ತಾನೇ ಪೂರ್ಣ ವರ್ಗ ಆಗಿರಬಾರದು ಅಷ್ಟೇ. ಇಂಥ ಲೆಕ್ಕಕ್ಕೆ ಯಾವಾಗಲೂ ಉತ್ತರ ಇದೆ ಎಂದು ಹದಿನೆಂಟನೇ ಶತಮಾನದಲ್ಲಿ ಗಣಿತಜ್ಞ ಲಗ್ರಾಂಜ್ ಸಾಧಿಸಿದರು. ಚಕ್ರವಾಲ ಪದ್ಧತಿಯೇ ತಪ್ಪದೆ ಉತ್ತರ ಮುಟ್ಟುತ್ತದೆ ಎಂದು 1929ರ ಸುಮಾರಿಗೆ ತೋರಿಸಿಕೊಟ್ಟವರು ಮೈಸೂರಿನ ಮಹಾರಾಜ ಕಾಲೇಜಿನ ಗಣಿತದ ಮೇಷ್ಟ್ರು ಎ. ಎ. ಕೃಷ್ಣಸ್ವಾಮಿ ಅಯ್ಯಂಗಾರ್, ಕವಿ ಎ. ಕೆ. ರಾಮಾನುಜನ್ ಅವರ ತಂದೆ. ಅವರ ಹೆಸರನ್ನು ಚಕ್ರದ ಕೆಳಗಿನ ಹಲಗೆಯ ಮೇಲೆ ಬರೆಸಿದ್ದೇನೆ.

ಎರಡನೇ ಸುತ್ತು ಈ ಯಂತ್ರದಲ್ಲಿ ಆಗುವುದಿಲ್ಲ. 1766319049ರಿಂದ ಒಂದೇ ಹೆಜ್ಜೆ ಮುಂದೆ ಹೋದರೂ ಜ್ಯೇಷ್ಠ 27925945172, ಹನ್ನೊಂದು ಅಂಕಿ. ಸುತ್ತು ಮುಗಿಯುವ ಹೊತ್ತಿಗೆ 6239765965720528801. ಹಾಗಾಗಿ ಸುತ್ತು ಮುಗಿದ ಮೇಲೆ ಉತ್ತರ ಹಾಗೇ ನಿಂತಿರುತ್ತದೆ, ಮುಂದಿನ ಮನೆಗೆ ತಿರುಗಿಸಿದರೆ 8, 1, 3ರಿಂದ ಮತ್ತೆ ಶುರು. ಫರ್ಮಾ ಕೇಳಿದ ಇನ್ನೊಂದು ಸಂಖ್ಯೆ 109ಕ್ಕೆ ಯಾರಾದರೂ ಚಕ್ರ ಮಾಡುವುದಾದರೆ ನಾಲ್ಕು ಡಿಸ್‌ಪ್ಲೇ ತರಿಸಿಕೊಳ್ಳಿ. ಅಲ್ಲಿ ಜ್ಯೇಷ್ಠ 158070671986249, ಕನಿಷ್ಠ 15140424455100. ಒಟ್ಟು 29 ಅಂಕಿ, ಕ್ಷೇಪಕ್ಕೆ ಎರಡು ಸೇರಿಸಿದರೂ 32 ಜಾಗದೊಳಗೆ ಹಿಡಿಸುತ್ತದೆ. ವರ್ಗಗಳು ಮಾತ್ರ 64 ಬಿಟ್ ದಾಟುತ್ತವೆ, ಆ ತಾಳೆಯನ್ನು ಕಾಗದದ ಮೇಲೆ ಕೈಯಿಂದ ಮಾಡಬೇಕು.